ನಗರದ ಕೂಟಗಳು: ಪ್ರಭುಶಕ್ತಿಯೂ ಪ್ರಜಾಸಮ್ಮತಿಯೂ

ಕ್ರಿ.ಶ. ೧೮೩೦–೩೧ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿ ನಡೆದ ರೈತರ ಬಂಡಾಯವನ್ನು ನಮ್ಮ ಶಾಲೆಗಳ ಇತಿಹಾಸ ಪುಸ್ತಕಗಳು ಒಂದೇ ವಾಕ್ಯದಲ್ಲಿ ಮುಗಿಸುತ್ತ ಬಂದಿವೆ. ನಗರದಲ್ಲಿ ದಂಗೆಯಾಯಿತು, ಅದನ್ನೇ ನೆಪಮಾಡಿಕೊಂಡು ಆಂಗ್ಲರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು ಎಂಬುದೇ ಆ ವಾಕ್ಯ. ಪಾಠ ಹೇಳುವವನು ಅದನ್ನು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಾನೆ. ಕೇಳುವ ಹುಡುಗನು ಬರೆದುಕೊಂಡು ಸುಮ್ಮನಾಗುತ್ತಾನೆ. ದಂಗೆ ಎದ್ದವರು ಯಾರು, ಅವರು ಕೇಳಿದುದೇನು, ಅರಸನನ್ನು ಒಲ್ಲೆವೆನ್ನುವ ಅಧಿಕಾರ ತಮಗುಂಟೆಂದು ಅವರಿಗೆ ತೋರಿದುದು ಹೇಗೆ ಎಂಬ ಪ್ರಶ್ನೆಗಳಿಗೆ ಆ ವಾಕ್ಯದಲ್ಲಿ ಎಡೆಯಿಲ್ಲ. ಆಳುವವನ ಅಧಿಕಾರಕ್ಕೆ ಆಳಿಸಿಕೊಳ್ಳುವವರ ಒಪ್ಪಿಗೆಯೇ ಆಧಾರವೆಂಬ ತತ್ತ್ವವನ್ನು ಇಂಗ್ಲೆಂಡಿನ ಜಾನ್ ಲಾಕನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಪ್ರತಿಪಾದಿಸಿದನೆಂದೂ, ೧೭೭೬ರಲ್ಲಿ ಅಮೆರಿಕದ ವಸಾಹತುಗಳು ಅದನ್ನು ತಮ್ಮ ಘೋಷಣೆಯಲ್ಲಿ ಸಾರಿದವೆಂದೂ ನಾವು ಓದುತ್ತೇವೆ. ಬಸವಾಪಟ್ಟಣದ ಒಕ್ಕಲಿಗರಿಗೆ ಲಾಕನ ಹೆಸರು ತಿಳಿದಿರಲಿಲ್ಲ. ಆದರೆ ಒಪ್ಪಿಗೆಯನ್ನು ಕೊಡುವುದೆಂದರೇನು, ಹಿಂತೆಗೆದುಕೊಳ್ಳುವುದೆಂದರೇನು ಎಂಬುದು ಚೆನ್ನಾಗಿ ತಿಳಿದಿತ್ತು.

ಅವರು ಅದಕ್ಕೆ ಬಳಸಿದ ಮಾತು ‘ಕೂಟ’. ವಚನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪದ ಬೇರೊಂದು ಅರ್ಥದಲ್ಲಿ ಪರಿಚಿತವಾದುದು. ಅಂಗಲಿಂಗಗಳ ಕೂಟ, ಶರಣರ ಕೂಟ ಎಂಬಲ್ಲಿ ಅದು ಒಂದಾಗುವಿಕೆಯನ್ನು ಹೇಳುತ್ತದೆ. ನಗರ ಸೀಮೆಯಲ್ಲಿ ಕೂಟವೆಂದರೆ ಹಲವು ಊರುಗಳ ರೈತರು ಒಂದೆಡೆ ನೆರೆದು, ತಮಗಾದ ಅನ್ಯಾಯವನ್ನು ಎಣಿಸಿ, ಅದು ತೀರುವವರೆಗೆ ಕಂದಾಯ ಕೊಡುವುದಿಲ್ಲವೆಂದು ಕಟ್ಟುಮಾಡಿಕೊಳ್ಳುವುದು. ಆಂಗ್ಲ ಅಧಿಕಾರಿಗಳೂ ತಮ್ಮ ವರದಿಗಳಲ್ಲಿ ಈ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಅವರ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತು ದೊರೆಯಲಿಲ್ಲವೆಂದೇ ನಾನು ತಿಳಿಯುತ್ತೇನೆ.

ನಗರವೆಂದರೆ ಹಿಂದಿನ ಬಿದನೂರು, ಕೆಳದಿ ಅರಸರ ಕಡೆಯ ರಾಜಧಾನಿ. ೧೭೬೩ರಲ್ಲಿ ಹೈದರಾಲಿಯು ಅದನ್ನು ಗೆದ್ದು ಹೈದರ್‌ನಗರವೆಂದು ಹೆಸರಿಟ್ಟನು; ಜನರ ಬಾಯಲ್ಲಿ ಮುಂದಿನ ಭಾಗ ಉದುರಿ ‘ನಗರ’ ಉಳಿಯಿತು. ಇಂದು ಅದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರು. ೧೮೩೦ರ ಹೊತ್ತಿಗೆ ನಗರ ಫೌಜದಾರಿಯೆಂಬ ಆಡಳಿತ ವಿಭಾಗದಲ್ಲಿ ಇಂದಿನ ಶಿವಮೊಗ್ಗ ಜಿಲ್ಲೆಯೂ ಅದರ ಸುತ್ತಲಿನ ಸೀಮೆಗಳೂ ಸೇರಿದ್ದವು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದ ಹೊನ್ನಾಳಿ, ಚನ್ನಗಿರಿಗಳ ಕಡೆಯೂ ಅದರೊಳಗೇ ಇತ್ತು.

ಈ ಸೀಮೆಯ ರೈತರಲ್ಲಿ ನ್ಯಾಯವಾದ ಕಂದಾಯವೆಂದರೆ ಎಷ್ಟು ಎಂಬುದಕ್ಕೆ ಒಂದು ಅಳತೆಯಿತ್ತು. ಅದೇ ಶಿವಪ್ಪನಾಯಕನ ಶಿಸ್ತು. ೧೬೪೫ರಿಂದ ೧೬೬೦ರವರೆಗೆ ಆಳಿದ ಈ ವೀರಶೈವ ದೊರೆಯ ಕಂದಾಯ ವ್ಯವಸ್ಥೆಯನ್ನು ಬಿ. ಎಲ್. ರೈಸರು ತಮ್ಮ ಗ್ಯಾಜೆಟಿಯರಿನಲ್ಲಿ ವಿವರಿಸಿದ್ದಾರೆ. ಹನ್ನೆರಡು ವರ್ಷಗಳ ಕಾಲ ಒಂದೊಂದು ಊರಿನಲ್ಲಿಯೂ ಒಂದು ಹೊಲವನ್ನು ಅರಸನು ತನ್ನ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿದನಂತೆ. ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ಬರೆಯಿಸಿ ಸರಾಸರಿ ತೆಗೆದು, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ನಿಲ್ಲಿಸಿದನಂತೆ. ನೆಲವನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗಳಾಗಿ ವಿಂಗಡಿಸಿ ದರ ಕಟ್ಟಿದ್ದುದೂ ಆಗಲೇ. ಹನ್ನೆರಡು ವರ್ಷ ಎಂಬ ಸಂಖ್ಯೆಯಲ್ಲಿ ಐತಿಹ್ಯದ ವಾಸನೆಯಿರಬಹುದು. ಅದೇನೇ ಇರಲಿ, ತೆರಿಗೆಯನ್ನು ವಿಧಿಸುವ ಮೊದಲು ಅರಸನೇ ಒಕ್ಕಲಿಗನಾಗಿ ನಿಂತು ನೋಡಿದನೆಂಬ ನಂಬಿಕೆ ಆ ಜನರಲ್ಲಿ ಬೇರೂರಿತ್ತು. ಕೆಳದಿಯ ಮುಂದಿನ ಅರಸರ ಕಾಲದಲ್ಲಿ ದಾಸೋಹದ ಹೆಸರಿನಲ್ಲಿ ಒಂದು ಸಣ್ಣ ಪಟ್ಟಿಯೂ, ಅನಂತರ ಹೊರಗಿನವರಿಗೆ ತೆರಬೇಕಾದ ಹಣಕ್ಕಾಗಿ ಬೇರೆ ಪಟ್ಟಿಯೂ ಸೇರಿದವು. ದಾಸೋಹದ ಪಟ್ಟಿಯ ಉದ್ದೇಶವು ಎಲ್ಲರ ಕಣ್ಣೆದುರಿಗಿತ್ತು. ಕೊಟ್ಟವನು ತನ್ನ ಹಣ ಎಲ್ಲಿಗೆ ಹೋಯಿತೆಂದು ಬಲ್ಲವನಾಗಿದ್ದನು. ಆದರೂ ಮೂಲದ ಶಿಸ್ತಿಗೆ ಮೇಲೆ ಸೇರಿದ ಪಟ್ಟಿ ಪಟ್ಟಿಯೇ ಎಂಬ ಎಣಿಕೆಯನ್ನು ರೈತನು ಬಿಟ್ಟವನಲ್ಲ.

ಅರಸನಿಗೆ ಒಪ್ಪಿಗೆಯಿಲ್ಲವೆಂದು ತಿಳಿಸುವ ಬಗೆಗಳು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಇದ್ದವು. ಊರನ್ನೇ ತೊರೆದು ನೆರೆಸೀಮೆಗೆ ಹೋಗುವುದು ಎಲ್ಲಕ್ಕೂ ಹಳೆಯದು. ಬಿಟ್ಟುಹೋದವರನ್ನು ಮರಳಿ ಕರೆಯಲು ಆಳುವವನು ‘ಕೌಲು’ ಕೊಡಬೇಕಾಗುತ್ತಿತ್ತು. ಇಷ್ಟು ವರ್ಷ ಇಷ್ಟೇ ಕಂದಾಯ, ಇದಕ್ಕೆ ಮೀರಿ ಕೇಳುವುದಿಲ್ಲ ಎಂಬ ಭಾಷೆಯ ಪತ್ರವದು. ಇನ್ನೊಂದು ಬಗೆಯನ್ನು ಕರ್ನಲ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಹೇಳುತ್ತಾನೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಹೊಸ ತೆರಿಗೆಗಳನ್ನು ಪ್ರತಿಭಟಿಸಿದ ರೈತರು ನೇಗಿಲನ್ನು ತಲೆಕೆಳಗಾಗಿ ಊರ ಬಾಗಿಲಿಗೆ ತೂಗುಹಾಕಿದರಂತೆ; ಜಂಗಮರು ಅವರಿಗೆ ಬೆಂಬಲವಾಗಿ ನಿಂತು ನಂಜನಗೂಡಿನ ಬಳಿ ನಾನೂರು ಮಂದಿ ಹತರಾದರಂತೆ. ಘಟನೆ ನಡೆದು ನೂರು ವರ್ಷಗಳಿಗೂ ಮಿಕ್ಕಿದ ಮೇಲೆ ಬರೆದ ಈ ಸಂಖ್ಯೆಯನ್ನು ನಾನು ಎತ್ತಿಹಿಡಿಯಲಾರೆ. ನಮ್ಮಲ್ಲಿ ಕೆಲವರು ಇದನ್ನು ಮತಕ್ಕಾಗಿ ನಡೆದ ಬಲಿಯೆಂದು ಮಾತ್ರ ಕಾಣುವುದೂ, ಇನ್ನು ಕೆಲವರು ವಿಲ್ಕ್ಸನ ಕಟ್ಟುಕಥೆಯೆಂದು ತಳ್ಳಿಬಿಡುವುದೂ ಉಂಟು. ಈ ಜಗಳದಲ್ಲಿ ಆ ನೇಗಿಲು ಯಾರ ಕಣ್ಣಿಗೂ ಬೀಳುವುದಿಲ್ಲ. ಉಳುವುದೇ ಇಲ್ಲವೆಂದವನ ಮೇಲೆ ಯಾವ ದೊರೆಯೂ ಬಹುಕಾಲ ದೊರೆತನ ಮಾಡಲಾರನು.

ಇಲ್ಲಿಂದ ೧೭೯೯ಕ್ಕೆ ಬರೋಣ. ಆ ವರ್ಷದ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ ತಿಂಗಳಲ್ಲಿ ಕಂಪೆನಿಯೂ ನಿಜಾಮನೂ ರಾಜ್ಯವನ್ನು ಹಂಚಿಕೊಂಡು, ಉಳಿದ ಭಾಗಕ್ಕೆ ಐದು ವರ್ಷದ ಬಾಲಕ ಕೃಷ್ಣರಾಜ ಒಡೆಯರನ್ನು ಅರಸರನ್ನಾಗಿ ಮಾಡಿದರು. ಜುಲೈ ೮ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು ಕಂಪೆನಿಗೆ ಪೊಗದಿಯಾಗಿ ತೆರಬೇಕಾಯಿತು. ಅದೇ ಒಪ್ಪಂದದ ನಾಲ್ಕನೆಯ ಕಲಮು ಮುಖ್ಯವಾದುದು. ಸೈನ್ಯದ ವೆಚ್ಚಕ್ಕೆ ಬರಬೇಕಾದ ಹಣ ತಪ್ಪುವ ಸಂಭವ ಕಂಡಲ್ಲಿ ರಾಜ್ಯದ ಯಾವುದೇ ಭಾಗವನ್ನು ಗವರ್ನರ್ ಜನರಲನು ತನ್ನ ನೇರ ಆಡಳಿತಕ್ಕೆ ತೆಗೆದುಕೊಳ್ಳಬಹುದೆಂದು ಅದು ಹೇಳುತ್ತದೆ. ಒಪ್ಪಂದಕ್ಕೆ ಸೇರಿದವರು ಕಂಪೆನಿ ಮತ್ತು ಅರಸರು, ಸುರಕ್ಷಿತವಾಗಬೇಕಾದುದು ಪೊಗದಿ. ಆ ಪೊಗದಿಯನ್ನು ನೆಲದಿಂದ ತೆಗೆದುಕೊಡುವ ಒಕ್ಕಲಿಗನ ಸಮ್ಮತಿಯನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಯೋಚನೆ ಆ ಕಾಲದಲ್ಲಿ ಎರಡು ಪಕ್ಷದವರಿಗೂ ಹೊಳೆದಿರಲಾರದು. ದಿವಾನ್ ಪೂರ್ಣಯ್ಯನವರು ೧೮೧೧ರವರೆಗೆ ಆಡಳಿತವನ್ನು ಬಿಗಿಯಾಗಿ ನಡೆಸಿ ಬೊಕ್ಕಸವನ್ನು ತುಂಬಿದರು. ಅನಂತರ ತರುಣ ಅರಸರು ಅಧಿಕಾರ ವಹಿಸಿಕೊಂಡರು. ಅವರ ಔದಾರ್ಯಕ್ಕೂ ಸಾಹಿತ್ಯ ಪ್ರೀತಿಗೂ ಕನ್ನಡಿಗರು ಋಣಿಗಳು. ಬೊಕ್ಕಸ ಕರಗಿತೆಂಬುದೂ ಅಷ್ಟೇ ನಿಜ.

ಬೊಕ್ಕಸ ಬರಿದಾದಾಗ ಬಲವಾದದ್ದು ‘ಶರತ್ತು’ ಎಂಬ ಪದ್ಧತಿ. ಅಮಲ್ದಾರನಾಗಬಯಸುವವನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ವಸೂಲು ಮಾಡಿ ಕೊಡುತ್ತೇನೆಂದು ಸರ್ಕಾರಕ್ಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ತನ್ನ ಕೈಯಿಂದ ತುಂಬಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ ಸಲ್ಲಿಸಬೇಕು. ಬರೆದುಕೊಡುವ ಮೊತ್ತವು ಸಾಮಾನ್ಯವಾಗಿ ಹಿಂದಿನ ವರ್ಷದ ವಸೂಲಿಗಿಂತ ಮಿಗಿಲಾಗಿರುತ್ತಿತ್ತು. ರೈತರನ್ನು ಪೀಡಿಸಬಾರದೆಂಬ ಮಾತೂ ಅದೇ ಪತ್ರದಲ್ಲಿ ಇರುತ್ತಿತ್ತೆಂದು ಆಮೇಲೆ ಬಂದ ವಿಚಾರಣಾ ಸಮಿತಿ ತಿಳಿಸುತ್ತದೆ. ಕಡಿಮೆ ಬಿದ್ದುದನ್ನು ತನ್ನ ಮನೆಯಿಂದ ತುಂಬಬೇಕಾದವನು ಪೀಡಿಸದೆ ಇದ್ದಾನೆಯೇ? ಈ ಪದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಶರತ್ತು ಎಂದರೆ ಕರಾರು, ಒಪ್ಪಂದ. ಒಪ್ಪಿದವರು ಇಬ್ಬರು, ಹುಜೂರು ಮತ್ತು ಅಮಲ್ದಾರ. ಒಪ್ಪಿದುದರ ಭಾರವನ್ನು ಹೊತ್ತವನು ಮೂರನೆಯವನು, ಒಪ್ಪಂದದಲ್ಲಿ ಇಲ್ಲವೇ ಇಲ್ಲದವನು. ೧೭೯೯ರ ಒಪ್ಪಂದದ ಮಾದರಿಯೇ ಕೆಳಗಿಳಿದು ತಾಲ್ಲೂಕಿನ ಮಟ್ಟಕ್ಕೆ ಬಂದಿತ್ತು. ಕಂದಾಯ ವಸೂಲು ಮಾಡುವವನೇ ನ್ಯಾಯ ಹೇಳುವವನೂ ಆಗಿದ್ದುದರಿಂದ ದೂರು ಕೊಡುವುದಕ್ಕೆ ಬಾಗಿಲಿರಲಿಲ್ಲ. ರೈತನ ದುಡಿಮೆ ಮಾತ್ರವಲ್ಲ, ಅವನ ಮೈಯೂ ಅಮಲ್ದಾರನ ಕೈಯಲ್ಲಿತ್ತು. ವ್ಯಕ್ತಿಸ್ವಾತಂತ್ರ್ಯವೆಂಬ ದೊಡ್ಡ ಮಾತಿಗೆ ಆ ಕಾಲದ ಹಳ್ಳಿಯಲ್ಲಿ ಇದ್ದ ಅರ್ಥವಿಷ್ಟೇ: ಬಾಕಿಗಾಗಿ ಚಾವಡಿಯ ಮುಂದೆ ಬಿಸಿಲಲ್ಲಿ ನಿಲ್ಲದೆ ಮನೆಗೆ ಹೋಗುವುದು.

ನಗರದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತು. ಹಿಂದಿನ ಫೌಜದಾರ ರಾಮರಾಯನ ಕಾಲದಲ್ಲಿ ವಜಾ ಮಾಡಿದ್ದ ಬಾಕಿಗಳನ್ನು, ಅರಸರ ಸಂಬಂಧಿಯಾದ ಹೊಸ ಫೌಜದಾರ ವೀರರಾಜ ಅರಸು ಮತ್ತೆ ಕೇಳತೊಡಗಿದನು. ವಜಾ ಮಾಡುವಾಗ ಲಂಚ ನಡೆದಿತ್ತೆಂಬುದು ಅವನ ಶಂಕೆ. ಶಂಕೆ ಸುಳ್ಳಲ್ಲದೆಯೂ ಇರಬಹುದು. ಹಳೆಯ ಅಧಿಕಾರಿಗಳ ಬಣವು ಹೊಸಬರ ಮೇಲಿನ ಹಗೆಯಿಂದ ರೈತರನ್ನು ಒಳಗೊಳಗೆ ಎತ್ತಿಕಟ್ಟಿತೆಂಬ ವಾದಕ್ಕೂ ಆಧಾರಗಳಿವೆ. ಬರ್ಟನ್ ಸ್ಟೈನ್ ಮೊದಲಾದ ವಿದ್ವಾಂಸರು ಇದನ್ನು ಬರಿಯ ರೈತ ಬಂಡಾಯವೆನ್ನಲು ಹಿಂಜರಿದುದು ಸಕಾರಣವಾಗಿಯೇ. ಆದರೆ ಸರ್ಕಾರವೇ ಒಮ್ಮೆ ಬಿಟ್ಟ ಬಾಕಿಯನ್ನು ಸರ್ಕಾರವೇ ಮರಳಿ ಕೇಳಿದರೆ, ಕೊಟ್ಟ ಮಾತಿಗೆ ಬೆಲೆಯೇನು? ಎತ್ತಿಕಟ್ಟುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಅವರ ಮಾತಿಗೆ ಸಾವಿರಾರು ಜನ ಕಿವಿಗೊಡುವುದು ಎಲ್ಲ ಕಾಲದಲ್ಲಿಯೂ ನಡೆಯುವುದಿಲ್ಲ.

೧೮೩೦ರ ಆಗಸ್ಟ್ ತಿಂಗಳಲ್ಲಿ ಬಸವಾಪಟ್ಟಣದಲ್ಲಿ ಕೂಟ ಸೇರಿತು. ಊರಿಂದೂರಿಗೆ ಕರೆ ಹೋಯಿತು. ಕೂಟದಲ್ಲಿದ್ದವರು ಬರಿಯ ಬಡ ಒಕ್ಕಲುಗಳಲ್ಲ. ಊರಿನ ಲೆಕ್ಕವನ್ನೂ ಯಜಮಾನಿಕೆಯನ್ನೂ ಹೊತ್ತವರು ಸೇರದೆ ಇಂಥ ಕಟ್ಟು ನಿಲ್ಲುವುದು ಅಸಾಧ್ಯ. ಕಂದಾಯ ಕೊಡುವುದಿಲ್ಲ ಎಂಬುದು ಮೊದಲ ನಿರ್ಣಯ. ಈ ಹಂತದಲ್ಲಿ ಅದು ಅರಸೊತ್ತಿಗೆಯ ವಿರುದ್ಧವಾದ ಯುದ್ಧವಾಗಿರಲಿಲ್ಲವೆಂಬುದನ್ನು ಒತ್ತಿ ಹೇಳಬೇಕು. ದೂರನ್ನು ಕೇಳುವ ಕಿವಿ ಬೇಕೆಂಬುದೇ ಅವರ ಬೇಡಿಕೆ. ಸಮಾಧಾನದ ಮಾತುಗಳೂ ನಡೆದವು, ದಂಡೂ ಬಂದಿತು. ಎರಡೂ ಒಟ್ಟಿಗೆ ಬಂದುದರಿಂದ ಮೊದಲನೆಯದನ್ನು ಯಾರೂ ನಂಬಲಿಲ್ಲ. ವರ್ಷದ ಕೊನೆಗೆ ಸ್ವತಃ ಅರಸರೇ ಸೈನ್ಯದೊಂದಿಗೆ ಚನ್ನರಾಯಪಟ್ಟಣದವರೆಗೆ ಬಂದರು. ಆ ದಿನಗಳಲ್ಲಿ ನಡೆದ ಶಿಕ್ಷೆಗಳು ಭಯವನ್ನು ಹುಟ್ಟಿಸುವ ಬದಲು ಇದ್ದ ಭಯವನ್ನೂ ಕಳೆದವು.

ಕೂಟವು ಬಂಡಾಯವಾಗಿ ತಿರುಗಿದ ಈ ಸಂಧಿಯಲ್ಲಿ ಬೂದಿ ಬಸವಪ್ಪನೆಂಬವನು ಕಾಣಿಸಿಕೊಳ್ಳುತ್ತಾನೆ. ಸಾದರ ಮಲ್ಲನೆಂಬುದು ಆತನ ಮೊದಲ ಹೆಸರು. ರೈಸರ ಬರಹದಂತೆ, ಕಡೆಯ ಬಿದನೂರು ಅರಸರ ಗುರುವಾಗಿದ್ದ ಜಂಗಮರೊಬ್ಬರ ಸೇವೆಯಲ್ಲಿದ್ದು ಆ ಮನೆತನದ ಮುದ್ರೆಗಳನ್ನು ಆತನು ಕೈವಶ ಮಾಡಿಕೊಂಡಿದ್ದನು. ಹಣೆಯ ತುಂಬ ಭಸ್ಮ ಧರಿಸುತ್ತಿದ್ದುದರಿಂದ ಬೂದಿ ಬಸವಪ್ಪನೆಂಬ ಹೆಸರು ಬಂದಿತು. ತಾನೇ ಕೆಳದಿಯ ವಂಶಜನೆಂದು ಸಾರಿಕೊಂಡು ರೈತರಿಗೆ ಆತನು ಕೊಟ್ಟ ಭರವಸೆ ಹೀಗಿತ್ತು: ಹಳೆಯ ಬಾಕಿ ಪೂರ್ತಿ ಮಾಫಿ; ಮುಂದೆ ವರಹದ ಕಡೆಗೆ ಒಂದು ರೂಪಾಯಿ ಕೊಟ್ಟರೆ ಸಾಕು. ಒಂದು ವರಹಕ್ಕೆ ಸುಮಾರು ಮೂರು ರೂಪಾಯಿಗಳ ಲೆಕ್ಕ ಹಿಡಿದರೆ ಕಂದಾಯವು ಮೂರನೆಯ ಒಂದು ಪಾಲಿಗೆ ಇಳಿಯುತ್ತಿತ್ತು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಬಂಡಾಯವನ್ನು ಸೇರಿದನು.

ಬೂದಿ ಬಸವಪ್ಪನನ್ನು ವೀರಶೈವ ಪ್ರಭುತ್ವದ ಪುನಃಸ್ಥಾಪಕನೆಂದು ಕೊಂಡಾಡುವ ಆಸೆ ನಮ್ಮಲ್ಲಿ ಕೆಲವರಿಗಿದೆ. ಈ ಆಸೆಯನ್ನು ನಾನು ಒಪ್ಪಲಾರೆ. ಆಂಗ್ಲ ಬರಹಗಾರರು ಆತನನ್ನು ಬರಿಯ ದರೋಡೆಕೋರನೆಂದು ಚಿತ್ರಿಸಿದುದೂ ಸಂಶಯಾಸ್ಪದವೇ. ಗೆದ್ದವರು ಬರೆದ ಕಡತದಲ್ಲಿ ಸೋತವನಿಗೆ ಬೇರೆ ಹೆಸರು ಸಿಕ್ಕುವುದು ಅಪರೂಪ. ಆದರೆ ಮುದ್ರೆಯೂ ವಿಭೂತಿಯೂ ಆತನಿಗೆ ಏಕೆ ಬೇಕಾದವು ಎಂಬುದನ್ನು ವಿಚಾರಿಸಬೇಕು. ಕೂಟವು ಕಂದಾಯವನ್ನು ನಿಲ್ಲಿಸಬಲ್ಲುದು. ಆದರೆ ಕಂದಾಯವನ್ನು ಯಾರಿಗೂ ಕೊಡದ ಒಂದು ರಾಜ್ಯವನ್ನು ಅಂದಿನ ರೈತನು ಕಲ್ಪಿಸಿಕೊಳ್ಳಲಾರನು. ಒಬ್ಬ ಅರಸನಿಂದ ಹಿಂತೆಗೆದ ಒಪ್ಪಿಗೆಯನ್ನು ಇನ್ನೊಬ್ಬ ಅರಸನಿಗೆ ಕೊಡುವುದೊಂದೇ ಅವನಿಗೆ ಕಂಡ ದಾರಿ. ಕೆಳದಿಯ ಮುದ್ರೆಯೆಂದರೆ ಶಿವಪ್ಪನಾಯಕನ ಶಿಸ್ತಿನ ನೆನಪು. ಆ ನೆನಪಿಗೆ ಮತಭೇದವಿರಲಿಲ್ಲ. ಅದೇ ಶಿಸ್ತಿನ ಕೆಳಗೆ ಲಿಂಗವಂತರೂ ಇದ್ದರು, ದೀವರೂ ಇದ್ದರು, ಅಡಕೆ ತೋಟದ ಬ್ರಾಹ್ಮಣರೂ ಇದ್ದರು. ರೈತರು ನಂಬಿದುದು ಬೂದಿ ಬಸವಪ್ಪನ ವಂಶಾವಳಿಯನ್ನೋ ಅವನು ಹೇಳಿದ ದರವನ್ನೋ ಎಂದು ಕೇಳಿದರೆ, ದರವನ್ನೆಂದೇ ನನ್ನ ಉತ್ತರ.

ಪ್ರಸಂಗವಶಾತ್ ಒಂದು ಮಾತು. ಶರಣರ ವಚನಗಳಲ್ಲಿ ಇಂದಿನ ಪ್ರಜಾಪ್ರಭುತ್ವದ ಸಿದ್ಧಾಂತವೆಲ್ಲ ಸಿದ್ಧವಾಗಿ ಇದೆಯೆಂದು ಭಾಷಣಗಳಲ್ಲಿ ಹೇಳುವುದು ರೂಢಿಯಾಗಿದೆ. ಬಿಜ್ಜಳನ ಆಸ್ಥಾನದಲ್ಲಿ ಅಧಿಕಾರ ಹೊಂದಿದ್ದರೂ ಬಸವಣ್ಣನವರ ನಿಷ್ಠೆ ಸಿಂಹಾಸನಕ್ಕೆ ಮೀಸಲಾಗಿರಲಿಲ್ಲವೆಂಬುದು ಸತ್ಯ. ಮನುಷ್ಯನ ಅಂತರಂಗದ ಮೇಲೆ ಅರಸನಿಗೆ ಅಧಿಕಾರವಿಲ್ಲವೆಂಬ ನಿಲುವು ವಚನಕಾರರಲ್ಲಿ ದೃಢವಾಗಿದೆ. ಆದರೆ ತೆರಿಗೆಯನ್ನು ಯಾರು ನಿರ್ಧರಿಸಬೇಕು, ಅಧಿಕಾರಿಯನ್ನು ಯಾರು ಇಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಅವರ ಉದ್ದೇಶವಾಗಿರಲಿಲ್ಲ. ಆ ಪ್ರಶ್ನೆಯನ್ನು ಎತ್ತಿದವರು ಏಳು ಶತಮಾನಗಳ ತರುವಾಯದ ಈ ಅನಾಮಧೇಯ ಒಕ್ಕಲುಗಳು.

ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. ಕಂಪೆನಿಯ ಪಡೆ ಬಂದಿತು. ಕರ್ನಲ್ ಇವಾನ್ಸನು ಮೊದಲು ಹಿಮ್ಮೆಟ್ಟಿ ಶಿವಮೊಗ್ಗಕ್ಕೆ ಮರಳಬೇಕಾಯಿತಾದರೂ, ೧೮೩೧ರ ಜೂನ್ ತಿಂಗಳಲ್ಲಿ ನಗರವು ವಶವಾಯಿತು. ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು ಅರಸರಿಗೆ ಪತ್ರ ಬರೆದನು. ಅಕ್ಟೋಬರಿನಲ್ಲಿ ಅರಸರು ಪ್ರತಿಭಟಿಸದೆ ಅಧಿಕಾರವನ್ನು ಒಪ್ಪಿಸಿದರು. ಹಾಕರ್, ಮಾರಿಸನ್, ಮೆಕ್ಲಾಡ್, ಕಬ್ಬನ್ ಎಂಬ ನಾಲ್ವರ ವಿಚಾರಣಾ ಸಮಿತಿ ೧೮೩೩ರ ಡಿಸೆಂಬರಿನಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಅಧಿಕಾರ ತೆಗೆದುಕೊಂಡ ಎರಡು ವರ್ಷಗಳ ಮೇಲೆ, ತೆಗೆದುಕೊಳ್ಳಲು ಕಾರಣವಿತ್ತೇ ಎಂಬುದರ ವಿಚಾರಣೆ! ಪೊಗದಿಯು ತಪ್ಪಿರಲಿಲ್ಲ, ಒಪ್ಪಂದವಾದರೋ ರಾಜ್ಯದ ಭಾಗಗಳನ್ನು ಕುರಿತು ಹೇಳಿತ್ತಲ್ಲದೆ ಇಡೀ ರಾಜ್ಯವನ್ನು ಕುರಿತಲ್ಲ. ಬೆಂಟಿಂಕನಿಗೇ ತನ್ನ ಕ್ರಮದ ನ್ಯಾಯಬದ್ಧತೆಯ ಬಗೆಗೆ ೧೮೩೪ರಲ್ಲಿ ಸಂದೇಹ ಹುಟ್ಟಿ, ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಮರಳಿ ಕೊಡಬೇಕೆಂದು ಲಂಡನ್ನಿನ ನಿರ್ದೇಶಕರಿಗೆ ಸೂಚಿಸಿದನು. ಅವರು ಕೇಳಲಿಲ್ಲ. ಮುಮ್ಮಡಿಯವರು ೧೮೬೮ರಲ್ಲಿ ತೀರಿಕೊಳ್ಳುವವರೆಗೂ ರಾಜ್ಯವು ಅವರಿಗೆ ಮರಳಿ ಬರಲಿಲ್ಲ.

ದುರಾಡಳಿತದಿಂದ ಪ್ರಜೆಗಳ ಒಪ್ಪಿಗೆಯನ್ನು ಕಳೆದುಕೊಂಡ ಅರಸನು ಅಧಿಕಾರಕ್ಕೆ ಅನರ್ಹನೆಂಬುದು ಕಂಪೆನಿಯ ವಾದದ ಸಾರ. ಈ ವಾದವನ್ನು ಹಿಡಿದೇ ಘಟ್ಟದ ಕೆಳಗೆ ಇಳಿದು ನೋಡೋಣ. ಕಂಪೆನಿಯ ನೇರ ಆಳ್ವಿಕೆಯಲ್ಲಿದ್ದ ಕನ್ನಡ ಜಿಲ್ಲೆಯಲ್ಲಿ ಅದೇ ೧೮೩೦–೩೧ರಲ್ಲಿ ರೈತರು ಕೂಟಗಳನ್ನು ಕಟ್ಟಿ ಕಂದಾಯವನ್ನು ನಿಲ್ಲಿಸಿದರು. ಮಂಗಳೂರಿನ ಕದ್ರಿಯಲ್ಲಿಯೂ ಅವರು ನೆರೆದಿದ್ದರು. ಹೆಸರು ಒಂದೇ, ಬಗೆ ಒಂದೇ, ಕಾಲವೂ ಒಂದೇ. ಅಲ್ಲಿ ಆದುದೇನು? ವಿಚಾರಣೆಯಾಯಿತು, ಕೆಲವು ರಿಯಾಯಿತಿಗಳು ದೊರೆತವು. ಕಂಪೆನಿಯು ಆಳಲು ಅನರ್ಹವೆಂದು ಯಾರೂ ತೀರ್ಪು ಕೊಡಲಿಲ್ಲ. ಕೊಡಬಲ್ಲವರು ಯಾರೂ ಇರಲಿಲ್ಲ. ಕಂದಾಯಕ್ಕಾಗಿ ಮೈಮುಟ್ಟಿ ಹಿಂಸಿಸುವುದು ಮೈಸೂರಿನ ಅಮಲ್ದಾರರ ಪಾಪ ಮಾತ್ರವಾಗಿರಲಿಲ್ಲವೆಂಬುದು, ಮದರಾಸು ಪ್ರಾಂತದಲ್ಲಿ ಕಂಪೆನಿಯ ನೌಕರರು ನಡೆಸುತ್ತಿದ್ದ ಚಿತ್ರಹಿಂಸೆಯನ್ನು ಕುರಿತ ೧೮೫೫ರ ಆಯೋಗದ ವರದಿಯಿಂದಲೇ ಸಿದ್ಧವಾಗುತ್ತದೆ.

ಕೊಡಗಿನಲ್ಲಿ ನಡೆದುದು ಇದಕ್ಕಿಂತ ವಿಚಿತ್ರ. ಹಾಲೇರಿ ವಂಶದ ಚಿಕ್ಕವೀರರಾಜೇಂದ್ರನನ್ನು ೧೮೩೪ರಲ್ಲಿ ಪದಚ್ಯುತನನ್ನಾಗಿ ಮಾಡಿದ ಮೇಲೆ, ಮೇ ತಿಂಗಳಲ್ಲಿ ಕರ್ನಲ್ ಫ್ರೇಸರನು ಘೋಷಣೆಯೊಂದನ್ನು ಹೊರಡಿಸಿದನು. ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ಆ ನಾಡನ್ನು ಕಂಪೆನಿಯ ಆಳ್ವಿಕೆಗೆ ತೆಗೆದುಕೊಳ್ಳಲಾಗಿದೆಯೆಂಬುದು ಅದರ ತಾತ್ಪರ್ಯ. ಪ್ರಜಾಸಮ್ಮತಿಯ ಮಾತು ನಮ್ಮ ನಾಡಿನ ರಾಜಶಾಸನದಲ್ಲಿ ಇಷ್ಟು ಸ್ಪಷ್ಟವಾಗಿ ಬಂದುದು ಇದೇ ಮೊದಲಿರಬೇಕು; ಬಂದುದು ಗೆದ್ದ ಸೇನಾಧಿಕಾರಿಯ ಲೇಖನಿಯಿಂದ! ಕೆಲವು ಕೊಡವ ಮುಖ್ಯಸ್ಥರು ಅರಸನ ಕ್ರೌರ್ಯದಿಂದ ಬೇಸತ್ತು ಒಪ್ಪಿದ್ದುದು ಸುಳ್ಳಲ್ಲ. ಒಮ್ಮತ ಎಷ್ಟಿತ್ತೆಂಬುದನ್ನು ೧೮೩೭ ತೋರಿಸಿತು. ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದ್ದ ಸುಳ್ಯದ ಕಡೆಯ ರೈತರು, ಕಂದಾಯವನ್ನು ಧಾನ್ಯದ ಬದಲು ನಗದಾಗಿಯೇ ಕೊಡಬೇಕಾದ ಸಂಕಟದಿಂದ ಬಂಡೆದ್ದು ಮಂಗಳೂರಿನವರೆಗೆ ನುಗ್ಗಿದರು. ಅಲ್ಲಿಯೂ ಹಾಲೇರಿ ವಂಶದವನೆಂದು ಹೇಳಿಕೊಂಡು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಒಬ್ಬನು ಮುಂದೆ ಬಂದನು. ಅಲ್ಲಿಯೂ ಜಂಗಮ ವೇಷ. ಅಲ್ಲಿಯೂ ಕಂದಾಯ ಮಾಫಿಯ ಭರವಸೆ, ಉಪ್ಪು ಹೊಗೆಸೊಪ್ಪು ಸುಂಕಗಳ ರದ್ದು. ಬೂದಿ ಬಸವಪ್ಪನ ನೆರಳು ಏಳು ವರ್ಷಗಳ ಬಳಿಕ ಘಟ್ಟವನ್ನು ಇಳಿದಂತೆ ಕಾಣುತ್ತದೆ. ವಿರಕ್ತನ ವೇಷದಲ್ಲಿ ರಾಜತ್ವದ ಹಕ್ಕು ಏಕೆ ಮತ್ತೆಮತ್ತೆ ಬಂದಿತೆಂಬುದು ವೀರಶೈವ ಇತಿಹಾಸದ ವಿದ್ಯಾರ್ಥಿಗಳು ಆಳವಾಗಿ ಅಭ್ಯಾಸ ಮಾಡತಕ್ಕ ವಿಷಯ. ಊರೂರು ಸುತ್ತಿದರೂ ಯಾರೂ ತಡೆಯದವನು ಜಂಗಮನೊಬ್ಬನೇ. ಎಲ್ಲ ಮನೆಗಳ ಕಷ್ಟವೂ ಅವನಿಗೆ ತಿಳಿದಿರುತ್ತಿತ್ತು.

ಮೈಸೂರಿನಲ್ಲಿ ಮಾರ್ಕ್ ಕಬ್ಬನನು ೧೮೩೪ರಿಂದ ೧೮೬೧ರವರೆಗೆ ಕಮಿಷನರನಾಗಿದ್ದನು. ಆತನು ಶರತ್ತನ್ನು ತೊಡೆದುಹಾಕಿ, ೭೬೯ ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಿದನೆಂದು ರೈಸರು ಲೆಕ್ಕ ಕೊಡುತ್ತಾರೆ. ರೈತನಿಗೆ ಇದರಿಂದ ಉಸಿರಾಡುವಂತಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಇಪ್ಪತ್ತೇಳು ವರ್ಷಗಳಲ್ಲಿ ಒಮ್ಮೆಯಾದರೂ ಆ ರೈತನನ್ನು ಕರೆದು ನಿನ್ನ ಅಭಿಪ್ರಾಯವೇನೆಂದು ಕೇಳುವ ಏರ್ಪಾಡು ಹುಟ್ಟಲಿಲ್ಲ. ಒಳ್ಳೆಯ ಆಡಳಿತ ಬೇರೆ, ಒಪ್ಪಿಸಿಕೊಂಡ ಆಡಳಿತ ಬೇರೆ. ಕೇಳುವ ಏರ್ಪಾಡು ಬಂದುದು ರಾಜ್ಯವು ೧೮೮೧ರ ಮಾರ್ಚಿಯಲ್ಲಿ ಒಡೆಯರ ವಂಶಕ್ಕೆ ಮರಳಿದ ಮೇಲೆ. ದಿವಾನ್ ರಂಗಾಚಾರ್ಲು ಅವರು ಅದೇ ಅಕ್ಟೋಬರ್ ೭ರಂದು ದಸರೆಯ ಸಂದರ್ಭದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದರು. ಬಂದವರು ೧೪೪ ಮಂದಿ, ತಾಲ್ಲೂಕುಗಳ ಹಿಡುವಳಿದಾರರೂ ವರ್ತಕರೂ. ದಿವಾನರ ವರದಿಯನ್ನು ಕೇಳಬಹುದಾಗಿತ್ತು, ದೂರು ಹೇಳಬಹುದಾಗಿತ್ತು. ತೆರಿಗೆಯನ್ನು ತಡೆಯುವ ಅಧಿಕಾರ ಅವರಿಗಿರಲಿಲ್ಲ. ೧೮೯೧ರಲ್ಲಿ ಚುನಾವಣೆ ಬಂದಿತು, ೧೯೨೩ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. ಬಸವಾಪಟ್ಟಣದ ಕೂಟವು ಕೇಳಿದ್ದ ಕಿವಿಯು ಹುಟ್ಟಲು ಐವತ್ತು ವರ್ಷ ಹಿಡಿದಿತ್ತು. ತೆರಿಗೆಗೆ ಬೇಡವೆನ್ನುವ ಬಾಯಿ ಇನ್ನೂ ಹುಟ್ಟಿರಲಿಲ್ಲ.

ಹಳೆಯ ನಗರ ಸೀಮೆಯದೇ ಆದ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ೧೯೪೨ರಲ್ಲಿ ಜನರು ಮತ್ತೊಮ್ಮೆ ಕಂದಾಯವನ್ನು ನಿಲ್ಲಿಸಿದರು. ವೀರಭದ್ರೇಶ್ವರ ದೇವಾಲಯದ ಮೇಲೆ ಧ್ವಜವನ್ನೇರಿಸಿ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಈ ಸಲ ಅವರು ಯಾವ ರಾಜವಂಶದ ಮುದ್ರೆಯನ್ನೂ ಹುಡುಕಲಿಲ್ಲ. ತಮ್ಮದೇ ಸರ್ಕಾರವೆಂದು ಹೇಳಿ ಊರಿನ ಎಳೆಯ ಹುಡುಗರಿಬ್ಬರಲ್ಲಿ ಒಬ್ಬನನ್ನು ಅಮಲ್ದಾರನನ್ನಾಗಿಯೂ ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿಯೂ ನೇಮಿಸಿದರು. ಸೆಪ್ಟೆಂಬರ್ ೨೮ರಂದು ಊರಿಗೆ ಬಂದ ನಿಜವಾದ ಅಮಲ್ದಾರನೂ ಸಬ್ ಇನ್‌ಸ್ಪೆಕ್ಟರನೂ ಘರ್ಷಣೆಯಲ್ಲಿ ಸತ್ತರು. ಸೈನ್ಯ ಬಂದಿತು, ಜನರು ಕಾಡು ಸೇರಿದರು, ಮನೆಗಳು ಲೂಟಿಯಾದವು. ೧೯೪೩ರ ಮಾರ್ಚಿಯಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು.